ಕಾಡ್ ಮೀನನ್ನು ಗುರುತಿಸುವುದು ಹೇಗೆ? ನಮ್ಮ ಸಾರಿಗೆ ಅದು ಆಗುತ್ತಾ?

ಬ್ರಿಟನ್ನಿನ ಅಂಗಡಿಗಳಲ್ಲಿ ಕಾಡ್ ಯಾವುದು, ಹ್ಯಾಡಕ್ ಯಾವುದು ಗೊತ್ತಾಗಲ್ಲ, ಸಾರಿಗೆ ಹಾಕಿದರೆ ಪುಡಿಪುಡಿ ಆಗುತ್ತೆ ಅಂತ ಕೇಳಿದ್ದೀರಿ. ನಾನು ಉಡುಪಿ ಕಡೆಯವಳು, ಈಗ ಸ್ಕಾಟ್‌ಲ್ಯಾಂಡಿನ ಅಬರ್ಡೀನ್‌ನಲ್ಲಿದ್ದೇನೆ. ಎರಡೂ ತಣ್ಣನೆ ಕಡಲಿನ, ಬಿಳಿ ಮಾಂಸದ ಮೀನುಗಳು, ಎರಡೂ ನಮ್ಮನೆಗೆ ಬರುತ್ತವೆ.

ಮೊದಲು, ಚರ್ಮ ತೆಗೆಯದ ತುಂಡನ್ನೇ ಕೇಳಿ ತಗೊಳ್ಳಿ. ಗುರುತೆಲ್ಲ ಅಲ್ಲೇ ಇರುವುದು. ಕಿವಿರಿನ ಹಿಂದಿನಿಂದ ಬಾಲದವರೆಗೆ ಮೈಯ ಪಕ್ಕದಲ್ಲಿ ಒಂದು ಗೆರೆ ಓಡುತ್ತದೆ. ಕಾಡ್‌ನಲ್ಲಿ ಅದು ಬಿಳಿ, ಹ್ಯಾಡಕ್‌ನಲ್ಲಿ ಕಪ್ಪು. ಹ್ಯಾಡಕ್‌ನ ಪಕ್ಕದ ರೆಕ್ಕೆಯ ಮೇಲ್ಗಡೆ ಹೆಬ್ಬೆರಳು ಒತ್ತಿದಂಥ ಕಪ್ಪು ಮಚ್ಚೆಯೂ ಇರುತ್ತದೆ. ಇಡೀ ಮೀನು ಸಿಕ್ಕಿದರೆ ಗದ್ದ ನೋಡಿ. ಕಾಡ್‌ಗೆ ಅಲ್ಲಿ ಒಂದೇ ಒಂದು ಮೀಸೆ ಎದ್ದು ಕಾಣುವಂತೆ ಇಳಿಬಿದ್ದಿರುತ್ತದೆ, ಹ್ಯಾಡಕ್‌ನದು ತೀರಾ ಚಿಕ್ಕದು. ಬೆನ್ನ ಮೇಲಿನ ಮೂರು ರೆಕ್ಕೆ ಎರಡಕ್ಕೂ ಇದೆ, ಅದರಿಂದ ಏನೂ ಗೊತ್ತಾಗಲ್ಲ. ಬಣ್ಣವನ್ನೂ ನಂಬಬೇಡಿ. ಇರುವ ಜಾಗಕ್ಕೆ ತಕ್ಕಂತೆ ಕಾಡ್ ಹಸಿರು, ಕಂದು, ಕೆಂಪು ಹೇಗೆ ಬೇಕಾದರೂ ಇರಬಹುದು.

ಇನ್ನು ಸಾರು. ಬಂಗುಡೆ, ಬೂತಾಯಿಯ ಎಣ್ಣೆ ಮಾಂಸದಲ್ಲೇ ಇರುತ್ತದೆ. ಕಾಡ್ ತನ್ನ ಕೊಬ್ಬನ್ನೆಲ್ಲ ಲಿವರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕಾಡ್ ಲಿವರ್ ಎಣ್ಣೆ ಬರುವುದು ಅಲ್ಲಿಂದಲೇ ಅಲ್ವಾ? ಹಾಗಾಗಿ ಮಾಂಸದಲ್ಲಿ ಜಿಡ್ಡೇ ಇಲ್ಲ. ನಾರ್ವೆಯ ಲೊಫೊಟೆನ್‌ನಲ್ಲಿ ಇದನ್ನು ಉಪ್ಪೇ ಹಾಕದೆ ಮರದ ಅಟ್ಟಣೆಗೆ ನೇತುಹಾಕಿ ಒಣಗಿಸುತ್ತಾರೆ. ಚಳಿಗಾಳಿಯ ಜೊತೆಗೆ ಈ ಜಿಡ್ಡಿಲ್ಲದ ಮಾಂಸವೂ ಅದಕ್ಕೆ ಕಾರಣ. ಮಾಂಸದ ಪದರಗಳನ್ನು ಹಿಡಿದಿಡುವ ಪೊರೆ ಬಿಸಿಗೆ ಬೇಗ ಕರಗುತ್ತದೆ, ಪದರಗಳು ಬಿಟ್ಟುಕೊಳ್ಳುತ್ತವೆ. ನಿಮ್ಮ ಮೀನು ಪುಡಿಯಾದದ್ದು ಇದಕ್ಕೇ.

ದಪ್ಪ ತುಂಡಿಗೆ ಉಪ್ಪು ಸವರಿ ಕಾಲು ಗಂಟೆ ಬಿಡಿ. ನೀರು ಬಿಟ್ಟು ಮಾಂಸ ಗಟ್ಟಿಯಾಗುತ್ತದೆ. ಆ ನೀರು ಒರೆಸಿ. ಮಸಾಲೆ, ಹುಳಿ ಎಲ್ಲ ಚೆನ್ನಾಗಿ ಕುದಿದ ಮೇಲೆ ಉರಿ ಸಣ್ಣ ಮಾಡಿ ಮೀನು ಹಾಕಿ. ಸೌಟು ಆಡಿಸಲೇಬೇಡಿ, ಪಾತ್ರೆಯನ್ನೇ ಹಿಡಿದು ಸುತ್ತಿಸಿ. ಐದಾರು ನಿಮಿಷ ಸಾಕು. ಬಂಗುಡೆಯ ರುಚಿ ಬರಲ್ಲ, ನಮ್ಮ ಕಾಣೆ ಮೀನಿಗೆ ಇದು ಹತ್ತಿರ. ಖಾರದ ಪುಳಿಮುಂಚಿಗಿಂತ ತೆಂಗಿನಕಾಯಿ ಹಾಕಿದ ಗಸಿಗೆ ಜಾಸ್ತಿ ಒಗ್ಗುತ್ತದೆ.

ಎಲ್ಲಿ ಹಿಡಿದದ್ದು ಅಂತ ಲೇಬಲ್‌ನಲ್ಲಿ ಇರುತ್ತದೆ, ದಯವಿಟ್ಟು ಅದನ್ನೂ ಓದಿ. ಒಂದು ಹೆಣ್ಣು ಕಾಡ್ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಆದರೂ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಹಿಡಿದು ಹಿಡಿದು ಮೀನೇ ಬರಿದಾಯಿತು. 1992ರ ಜುಲೈನಲ್ಲಿ ಕೆನಡಾ ಅಲ್ಲಿ ಕಾಡ್ ಹಿಡಿಯುವುದನ್ನು ನಿಷೇಧಿಸಿತು, ಸುಮಾರು 30,000 ಜನರ ಕೆಲಸ ಹೋಯಿತು. ನಿಷೇಧ ತೆಗೆದದ್ದು 2024ರಲ್ಲಿ. ನಾನು ಐಸ್‌ಲ್ಯಾಂಡ್‌ ಕಡೆಯದು ಸಿಕ್ಕಿದರೆ ಕಾಡ್ ತಗೊಳ್ಳುತ್ತೇನೆ, ಇಲ್ಲದಿದ್ದರೆ ಹ್ಯಾಡಕ್. ಸ್ಕಾಟ್‌ಲ್ಯಾಂಡಿನವರಿಗೆ ಹೇಗೂ ಅದೇ ಹೆಚ್ಚು ಇಷ್ಟ.