ಸ್ಕಾಟ್ಲೆಂಡಿನ ವಿಕ್ ಪಟ್ಟಣದವರ ನೆನಪುಗಳಲ್ಲಿ ಮೀನು ಸೀಳುವ ಹೆಂಗಸರು ಏಕೆ ಮತ್ತೆ ಮತ್ತೆ ಬರುತ್ತಾರೆ?

ವಿಕ್ 19ನೇ ಶತಮಾನದಲ್ಲಿ ಯುರೋಪಿನ ದೊಡ್ಡ ಹೆರಿಂಗ್ ಬಂದರುಗಳಲ್ಲೊಂದಾಗಿತ್ತು. ನಮ್ಮ ಬೂತಾಯಿಯಂತೆ ಹಿಂಡುಹಿಂಡಾಗಿ ಬರುವ ಈ ಮೀನು ಬೇಗ ಕೆಡುವುದರಿಂದ, ದೋಣಿ ದಡ ಸೇರಿದೊಡನೆ ಅದನ್ನು ಸೀಳಿ ಉಪ್ಪಿಗೆ ಹಾಕಲೇಬೇಕಿತ್ತು. ಆ ಕೆಲಸ ಮೂವರು ಹೆಂಗಸರ ತಂಡದ್ದು. ಇಬ್ಬರು ಚಿಕ್ಕ ಚೂರಿಯಿಂದ ಕರುಳು ತೆಗೆದು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದರೆ, ಮೂರನೆಯವಳು ಪೀಪಾಯಿಯೊಳಗೆ ಬಗ್ಗಿ ಮೀನನ್ನೂ ಉಪ್ಪನ್ನೂ ಪದರಪದರವಾಗಿ ಜೋಡಿಸುತ್ತಿದ್ದಳು. ಚೂರಿ ತಾಗದಿರಲೆಂದೂ ಗಾಯಕ್ಕೆ ಉಪ್ಪು ಇಳಿಯದಿರಲೆಂದೂ ಅವರು ಬೆರಳುಗಳಿಗೆ ಬಟ್ಟೆಚೂರು ಸುತ್ತಿ ನೂಲಿನಿಂದ ಕಟ್ಟಿಕೊಳ್ಳುತ್ತಿದ್ದರು. ದೋಣಿಗಳ ಬೆನ್ನುಹತ್ತಿ ಉತ್ತರದ ಶೆಟ್‌ಲೆಂಡ್ ದ್ವೀಪಗಳಿಂದ ಇಂಗ್ಲೆಂಡಿನ ಯಾರ್ಮೌತ್‌ವರೆಗೂ ಹೋಗುತ್ತಿದ್ದ ಇವರು, ದಾರಿಯಲ್ಲಿ ನಡೆಯುವಾಗಲೂ ಉಣ್ಣೆಯ ಹೆಣಿಗೆ ಬಿಡುತ್ತಿರಲಿಲ್ಲ. ಅನೇಕ ಮನೆಗಳ ಅಜ್ಜಿ, ಚಿಕ್ಕಮ್ಮಂದಿರು ಇದೇ ಕೆಲಸ ಮಾಡಿದವರಾದ್ದರಿಂದ ಅದು ಊರಿನ ನೆನಪಾಯಿತು. ಹಳೆಯ ಚಿತ್ರಗಳಲ್ಲಿ ನಗುಮುಖಗಳು ಕಾಣುವುದು ನಿಜ, ಆದರೆ ಕೂಲಿ ಸಿಗುತ್ತಿದ್ದುದು ತುಂಬಿದ ಪೀಪಾಯಿಗಳ ಲೆಕ್ಕದಲ್ಲಿ, ಹಾಗಾಗಿ ಕೈ ಬಿಡುವಿಲ್ಲದೆ ಓಡಬೇಕಿತ್ತು.