ಅರ್ಜಿ ಹಿಡಿದು ಬಂದವಳು

ಮಾನ್ಯರೇ,

ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಹಾಯ ಕೇಂದ್ರದಲ್ಲಿ ಮೂರು ವರ್ಷಗಳಿಂದ ಕೆಲಸದಲ್ಲಿರುವ ನೀವು, ಶುಲ್ಕದ ಕಂತು ಮುಂದೂಡಲು ಅರ್ಜಿ ತಂದ ವಿದ್ಯಾರ್ಥಿನಿಯೊಬ್ಬಳು ಮಾತಿನ ನಡುವೆ ಅಳತೊಡಗಿದಾಗ ಏನೂ ತೋಚದೆ ಆಪ್ತಸಮಾಲೋಚಕರ ಕೊಠಡಿಯ ಸಂಖ್ಯೆ ಹೇಳಿ ಕಳುಹಿಸಿದ್ದನ್ನೂ, ಆಕೆ ಅಲ್ಲಿಗೆ ಹೋಗಲೇ ಇಲ್ಲವೆಂದು ವಾರದ ಬಳಿಕ ತಿಳಿದದ್ದನ್ನೂ ಬರೆದಿದ್ದೀರಿ. ‘ನಾನು ಬರೀ ಕಡತ ನೋಡುವವನು, ನನ್ನಿಂದ ಇನ್ನೇನು ಆಗುತ್ತಿತ್ತು?’ ಎಂದು ಕೇಳಿದ್ದೀರಿ.

‘ಬರೀ ಕಡತ’ ಎಂಬ ಮಾತನ್ನು ನಾನು ಒಪ್ಪಲಾರೆ. ಕಷ್ಟದಲ್ಲಿರುವ ವಿದ್ಯಾರ್ಥಿಗಳು ತಮಗೆ ಸಹಾಯ ಬೇಕೆಂದು ನೇರವಾಗಿ ಹೇಳಿಕೊಂಡು ಬರುವುದು ಕಡಿಮೆ. ಹಾಜರಾತಿ ಕೊರತೆಯ ಮನ್ನಾ, ಹಾಸ್ಟೆಲ್ ಕೊಠಡಿಯ ಬದಲಾವಣೆ, ಕಂತಿನ ಗಡುವು ಎಂದು ಯಾವುದೋ ಒಂದು ಕಾಗದ ಹಿಡಿದು ಬರುತ್ತಾರೆ. ವಿದ್ಯಾರ್ಥಿಗಳು ನಡುವೆಯೇ ಓದು ಬಿಡುವುದೇಕೆಂದು 1975ರಲ್ಲಿ ವಿವರಿಸಿದ ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ ಅವರು, ಅಂಕಗಳ ಜೊತೆಗೆ, ತಾನು ಈ ಸಂಸ್ಥೆಗೆ ಸೇರಿದವನೆಂಬ ನಂಟು ಬೆಳೆಯಿತೇ ಇಲ್ಲವೇ ಎಂಬುದಕ್ಕೂ ಅಷ್ಟೇ ಮಹತ್ವ ಕೊಟ್ಟರು. ಆ ನಂಟು ಎಷ್ಟೋ ಮಂದಿಗೆ ನಿಮ್ಮ ಕೌಂಟರಿನಲ್ಲಿಯೇ ಮೂಡುತ್ತದೆ ಅಥವಾ ಮುರಿಯುತ್ತದೆ.

ನೀವು ತಪ್ಪು ಮಾಡಲಿಲ್ಲ. ಆದರೆ ಇನ್ನೊಂದು ಹೆಜ್ಜೆ ಉಳಿದಿತ್ತು. ಅಳುತ್ತಿರುವವರಿಗೆ ಕೊಠಡಿಯ ಸಂಖ್ಯೆ ಹೇಳುವುದೆಂದರೆ, ಅದೇ ಕಥೆಯನ್ನು ಇನ್ನೊಬ್ಬ ಅಪರಿಚಿತರ ಮುಂದೆ ಮೊದಲಿನಿಂದ ಹೇಳಿಕೊಳ್ಳುವ ಭಾರವನ್ನು ಅವರ ಮೇಲೆಯೇ ಹೊರಿಸಿದಂತೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಅಂಥದೊಂದು ಬಾಗಿಲ ತನಕ ಹೋಗಿ, ಒಳಗೆ ಯಾರೋ ನಗುವುದು ಕೇಳಿ, ತಟ್ಟಲೆಂದು ಎತ್ತಿದ ಕೈಯನ್ನು ಕೆಳಗಿಳಿಸಿ ಹಿಂದಿರುಗಿದ್ದೆ. ಆದ್ದರಿಂದ ಮೊದಲು ಆಕೆಯನ್ನು ಸಾಲಿನಿಂದ ಪಕ್ಕಕ್ಕೆ ಕರೆದು ಕೂರಿಸಿ. ಹಿಂದೆ ನಿಂತವರ ಕಿವಿಗೆ ಬೀಳುವಂತೆ ಯಾರೂ ಮನಸ್ಸು ಬಿಚ್ಚಲಾರರು. ಆಕೆ ಒಪ್ಪಿದರೆ ಅವಳೆದುರಿಗೇ ಆಪ್ತಸಮಾಲೋಚಕರಿಗೆ ಫೋನ್ ಮಾಡಿ ಸಮಯ ಗೊತ್ತುಮಾಡಿ, ಸಾಧ್ಯವಾದರೆ ಬಾಗಿಲ ತನಕ ಜೊತೆಗೆ ನಡೆಯಿರಿ. ಇದಕ್ಕೆ ಮನಶ್ಶಾಸ್ತ್ರದ ಪದವಿ ಬೇಕಿಲ್ಲ, ಹತ್ತು ನಿಮಿಷದ ಬಿಡುವು ಬೇಕು; ಆ ಬಿಡುವನ್ನು ಒದಗಿಸುವುದು ನಿಮ್ಮ ಮೇಲಧಿಕಾರಿಗಳ ಹೊಣೆ ಎಂಬುದನ್ನೂ ಒತ್ತಿ ಹೇಳುತ್ತೇನೆ.

ಆದರೆ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಬದುಕು ಬೇಡವೆನ್ನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲು ಅಂಜಬೇಡಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವುದನ್ನು ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ಹೌದೆಂದರೆ ಆಕೆಯನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕರೆಸಿ.

ಆ ಕಂತಿನ ಅರ್ಜಿ ಇನ್ನೂ ನಿಮ್ಮ ಮೇಜಿನ ಮೇಲಿದೆ ಎಂದು ಪತ್ರದಿಂದ ತಿಳಿಯುತ್ತದೆ. ಅದು ಯಾವ ಹಂತದಲ್ಲಿದೆ ಎಂದು ತಿಳಿಸುವುದಕ್ಕೆಂದೇ ಇಂದು ಅವಳಿಗೆ ಕರೆ ಮಾಡಿ. ಆ ವಿಷಯ ಮುಗಿದ ಮೇಲೆ, ‘ಈಗ ಹೇಗಿದ್ದೀಯಮ್ಮಾ?’ ಎಂದು ಕೇಳಿ, ಅವಳು ಉತ್ತರಿಸುವವರೆಗೂ ಸುಮ್ಮನೆ ಕಾಯಿರಿ.

— ಸಂಪಾದಕ