"ಯಾವ ಸಬ್ಜೆಕ್ಟ್ ಕಲಸ್ತಾಳ್ರಿ ಇಕಿ?": ಮಹಿಳಾ ಅಧ್ಯಯನದ ಎಂ.ಎ. ಕುರಿತ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

22 ವರ್ಷದ ಸುಜಾತಾ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ ತಂದೆಯವರ ಜೊತೆ ಬಂದಿದ್ದಳು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದಿದ್ದ ಅವಳಿಗೆ ಮಹಿಳಾ ಅಧ್ಯಯನದಲ್ಲಿ ಎಂ.ಎ. ಮಾಡುವ ಹಂಬಲವಿತ್ತು; ತಂದೆಗೆ ಮಗಳು ಬಿ.ಇಡಿ. ಮಾಡಲಿ ಎಂಬ ಆಸೆ. "ಎಂ.ಎ. ಮುಗಿಸಿದ ಮ್ಯಾಲ ಯಾವ ಸಬ್ಜೆಕ್ಟ್ ಕಲಸ್ತಾಳ್ರಿ ಮೇಡಂ ಇಕಿ?" ಎಂದು ಅವರು ಕೇಳಿದರು. ಎರಡು ತಿಂಗಳಿಂದ ಅಪ್ಪ-ಮಗಳ ನಡುವೆ ಮಾತು ನಿಂತಿತ್ತು.

ಮೊದಲು ಸುಜಾತಾಳೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. "ಇದರಾಗ ಎಲ್ಲಾ ವಿಷಯ ಓದಬಹುದಲ್ರಿ" ಎಂದಳು. ಈ ಉತ್ತರ ನನಗೆ ಸಾಲದು ಎನಿಸಿತು, ಏಕೆಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದುವ ಆಸೆಯಿಂದ ಇಂಥ ಅಂತರಶಿಸ್ತೀಯ (ಹಲವು ವಿಷಯಗಳನ್ನು ಕೂಡಿಸಿ ನೋಡುವ) ಅಧ್ಯಯನಕ್ಕೆ ಸೇರಿದವರು ಪ್ರಬಂಧ ಬರೆಯುವ ಹೊತ್ತಿಗೆ ದಿಕ್ಕು ತೋಚದೆ ಕುಳಿತುಬಿಡುವುದನ್ನು ಕಂಡಿದ್ದೇನೆ. ಏನನ್ನು ತಿಳಿಯಬೇಕೆಂದಿದ್ದೀಯ ಎಂದು ಕೇಳಿದಾಗ ಅವಳು ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದಳು. ಊರಿನ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೆ ಹೋದಾಗ ರಕ್ತ ಕಡಿಮೆಯಿದ್ದ ಹೆಂಗಸರ ಬಗ್ಗೆ ಗೆರೆ ಹಾಕಿ ಬರೆದುಕೊಂಡಿದ್ದಳು: ವಯಸ್ಸು, ಹಿಮೋಗ್ಲೋಬಿನ್, ಕಬ್ಬಿಣಾಂಶದ ಮಾತ್ರೆ, ಕೊನೆಗೆ 'ಊಟ ಯಾವಾಗ?' ಆ ಕೊನೆಯ ಅಂಕಣದುದ್ದಕ್ಕೂ 'ಎಲ್ಲಾರದೂ ಆದ ಮ್ಯಾಲ' ಎಂದೇ ಇತ್ತು. ಯಾರ ಹೆಸರನ್ನೂ ಬರೆದಿರಲಿಲ್ಲ. ಆ ಎಚ್ಚರವನ್ನು ನಾನು ಮನಸಾರೆ ಮೆಚ್ಚಿದೆ. ಈ ಹೆಂಗಸರಿಗೆ ರಕ್ತ ಏಕೆ ಕಡಿಮೆ ಎಂಬುದು ಪೌಷ್ಟಿಕತೆ, ಕೂಲಿ, ಅಡುಗೆಮನೆಯ ಕಟ್ಟಳೆ ಮೂರನ್ನೂ ಒಟ್ಟಿಗೆ ಇಟ್ಟು ನೋಡದೆ ಬಿಡಿಸಲಾಗದ ಪ್ರಶ್ನೆ.

ತಂದೆಯ ಅಂಜಿಕೆಯೂ ಹುರುಳಿಲ್ಲದ್ದಲ್ಲ. ಅವರನ್ನು ಕರೆದು ಇದ್ದದ್ದನ್ನು ಇದ್ದಂತೆ ಹೇಳಿದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೆಟ್ ಅರ್ಹತಾ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಒಂದು ವಿಷಯವಾಗಿದ್ದು, ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ಶೇ. 55, ಪರಿಶಿಷ್ಟ ಜಾತಿ, ಪಂಗಡದಂಥ ಮೀಸಲಾತಿ ವರ್ಗದವರಿಗೆ ಶೇ. 50 ಅಂಕ ಬೇಕು. ಆದರೆ ಪದವಿ ಕಾಲೇಜುಗಳಲ್ಲಿ ಇದು ಪ್ರತ್ಯೇಕ ವಿಷಯವಾಗಿರುವುದು ಅಪರೂಪವಾದ್ದರಿಂದ ಬೋಧನೆಯ ಹುದ್ದೆಗಳು ಕಡಿಮೆ. ಯುಜಿಸಿಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 'ಸಂಬಂಧಿತ' ವಿಷಯದ ಪದವಿಯನ್ನೂ ಒಪ್ಪುತ್ತದೆಯಾದರೂ, ಸಮಾಜಶಾಸ್ತ್ರದ ಹುದ್ದೆಗೆ ಈ ಎಂ.ಎ. ನಡೆದೇ ನಡೆಯುತ್ತದೆಂದು ನಂಬಿ ಕೂರಬಾರದು. ಆಯಾ ನೇಮಕಾತಿ ಅಧಿಸೂಚನೆಯನ್ನೇ ಓದಬೇಕು. ಇನ್ನೊಂದು ಮಾತು ಅವರಿಗೆ ಧೈರ್ಯ ಕೊಟ್ಟಿತು: ಎಂ.ಎ. ಮಾಡಿದರೆ ಬಿ.ಎಸ್ಸಿ. ಎಲ್ಲಿಗೂ ಹೋಗುವುದಿಲ್ಲ, ಅದರ ಬಲದ ಮೇಲೆ ಬಿ.ಇಡಿ.ಯನ್ನು ಎರಡು ವರ್ಷದ ನಂತರವೂ ಮಾಡಬಹುದು.

ಸುಜಾತಾಳಿಗೆ ನಾನು ಒತ್ತಿ ಹೇಳಿದ್ದು, ಒಂದು ಸಂಶೋಧನಾ ವಿಧಾನವನ್ನಾದರೂ ಗಟ್ಟಿಯಾಗಿ ಕಲಿಯಬೇಕೆಂದು. ವಿಜ್ಞಾನ ಓದಿದ ಅವಳಿಗೆ ಸಮೀಕ್ಷೆ ಮತ್ತು ಸಂಖ್ಯಾಶಾಸ್ತ್ರ ಒಗ್ಗಬಹುದು, ಆರೋಗ್ಯ ಕ್ಷೇತ್ರದ ಸಂಸ್ಥೆಗಳಲ್ಲಿ ಕೆಲಸಕ್ಕೂ ಅದು ಬರುತ್ತದೆ. 2003ರಲ್ಲಿ ಆರಂಭವಾದ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಅವಳಿಗೆ ಹತ್ತಿರ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಮಹಿಳಾ ಅಧ್ಯಯನ ವಿಭಾಗವಿದೆ. ಅರ್ಜಿ ಹಾಕುವ ಮೊದಲು ಹೋಗಿ, ಆರೋಗ್ಯದ ವಿಷಯಕ್ಕೆ ಮಾರ್ಗದರ್ಶನ ಮಾಡುವವರು ಯಾರಿದ್ದಾರೆ, ಸಂಖ್ಯಾಶಾಸ್ತ್ರ ಕಲಿಸುತ್ತಾರೆಯೇ ಎಂದು ವಿಚಾರಿಸಿ, ಹಿಂದಿನವರ ಪ್ರಬಂಧಗಳನ್ನು ತಿರುವಿ ನೋಡಲು ತಿಳಿಸಿದೆ. ಯಾವುದನ್ನು ಆರಿಸಬೇಕೆಂದು ನಾನು ಹೇಳಲಿಲ್ಲ.

ಎದ್ದು ಹೊರಡುವಾಗ ತಂದೆ ನೋಟ್‌ಬುಕ್ ಕೇಳಿ ಪಡೆದು ಆ ಪುಟವನ್ನು ಬಹಳ ಹೊತ್ತು ಓದಿದರು. "ನಿಮ್ಮವ್ವಂದೂ ಬರದೀಯೇನು?" ಎಂದರು. "ಬರದೀನಿ, ಅಪ್ಪಾ." ವಿಭಾಗಕ್ಕೆ ಇಬ್ಬರೂ ಕೂಡಿಯೇ ಹೋಗಿ ಬಂದು, ಹದಿನೈದು ದಿನದ ನಂತರ ಮತ್ತೆ ನನ್ನನ್ನು ಕಾಣುವುದೆಂದು ಮಾತಾಯಿತು.